ತಕ್ಕಡಿ, ಏಣಿ ಮತ್ತು ಅಮ್ಮನ ಓಟು

ಅಪ್ಪ ನಮ್ಮ ಮನೆಗೆ ಶನಿವಾರ ಸಂಜೆ ಬರುತ್ತಿದ್ದರು, ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಘಟ್ಟದ ಮೇಲಿನವರಿಗೆ ಇದನ್ನು ಹೇಳಿದರೆ ಕೆಲವರು ನನ್ನ ಮುಖವನ್ನು ಕನಿಕರದಿಂದ ನೋಡುತ್ತಾರೆ. ಕನಿಕರ ಬೇಡ. ನಮ್ಮಲ್ಲಿ ಆಗ ಮನೆ ಹೆಣ್ಣಿನ ಕಡೆಯದು. ಅಮ್ಮ ಮದುವೆಯಾದ ಮೇಲೂ ತಾನು ಹುಟ್ಟಿದ ಮನೆಯಲ್ಲೇ ಉಳಿದವಳು. ಸಿದ್ಧಕಟ್ಟೆಯ ಹತ್ತಿರದ ಆ ಮನೆಯ ಯಜಮಾನಿಕೆ ಅವಳ ಅಣ್ಣನದು, ಎಂದರೆ ನನ್ನ ಸೋದರಮಾವನದು. ಅಪ್ಪನಿಗೆ ಬೆಳುವಾಯಿಯಲ್ಲಿ ಇಂಥದೇ ಇನ್ನೊಂದು ಮನೆ. ಅಲ್ಲಿ ಅವರ ಅಕ್ಕ, ಅಕ್ಕನ ಮಕ್ಕಳು, ಗದ್ದೆ, ಅವರು ಅಧ್ಯಕ್ಷರಾಗಿದ್ದ ಸಹಕಾರಿ ಸೊಸೈಟಿ. ಮಾವನ ಹೆಂಡತಿ ಮಕ್ಕಳಾದರೂ ನಮ್ಮ ಜೊತೆ ಇದ್ದರೇ? ಇಲ್ಲ. ಅವರು ಬೆಳ್ತಂಗಡಿ ಕಡೆ ಅತ್ತೆಯ ತಾಯಿಮನೆಯಲ್ಲಿದ್ದರು, ಮಾವ ಅಲ್ಲಿಗೆ ಹೋಗಿಬರುತ್ತಿದ್ದರು. ಗಂಡಸರೆಲ್ಲ ಎರಡು ಮನೆಗಳ ನಡುವೆ ಬಸ್ಸು ಹಿಡಿಯುತ್ತಿದ್ದ ಕಾಲ ಅದು. ಹೆಂಗಸರು ಮಾತ್ರ ಇದ್ದಲ್ಲೇ ಗಟ್ಟಿಯಾಗಿ ಕೂತಿದ್ದರು.

ಶನಿವಾರದ ಸಂಜೆಯ ಬಸ್ಸು ಮೂಡುಬಿದಿರೆಯಿಂದ ಬಂದು ನಮ್ಮ ಗದ್ದೆಯ ಆಚೆ ನಿಲ್ಲುತ್ತಿತ್ತು. ಹಾರ್ನ್ ಕೇಳಿದ ಕೂಡಲೇ ಅಮ್ಮ ಒಲೆಯ ಮೇಲೆ ನೀರು ಇಟ್ಟು, ಕನ್ನಡಿಯ ಎದುರು ಒಂದು ಕ್ಷಣ ನಿಂತು, ಏನೂ ಆಗದವಳಂತೆ ಒಳಗೆ ಹೋಗುತ್ತಿದ್ದಳು. ಅಪ್ಪನ ಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡು ಇದ್ದೇ ಇರುತ್ತಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದ ಮೇಲೂ ಈ ಇಬ್ಬರಿಗೆ ಶನಿವಾರ ಹೊಸದಾಗಿಯೇ ಬರುತ್ತಿತ್ತು. ಆಗ ನನಗೆ ಇದು ಸ್ವಲ್ಪ ನಾಚಿಕೆಯ ವಿಷಯ ಎನಿಸುತ್ತಿತ್ತು. ನಾನು ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಮಕ್ಕಳೆದುರು ಗಂಭೀರವಾಗಿ ಇರಬೇಕಾದವಳು.

ಭಾನುವಾರ ಊಟವಾದ ಮೇಲೆ ಅಪ್ಪ ಮತ್ತು ಮಾವ ಚಾವಡಿಯಲ್ಲಿ ವೀಳ್ಯದ ಹರಿವಾಣವನ್ನು ನಡುವಿಗೆ ಇಟ್ಟುಕೊಂಡು ಕೂರುತ್ತಿದ್ದರು. ಅಡಿಕೆ ಕತ್ತರಿಸುವುದು ಮಾವ, ಎಲೆಗೆ ಸುಣ್ಣ ಹಚ್ಚುವುದು ಅಪ್ಪ. ಒಬ್ಬರು ಇನ್ನೊಬ್ಬರನ್ನು ಕರೆಯುವುದು "ಭಾವ" ಎಂದೇ. ಊರಿನ ಪಟೇಲರಾದ ಮಾವನಿಗೆ ಸರಿಸಮ ಕೂತು ಮಾತಾಡುವವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ, ನಾವು ಐದು ವರ್ಷಕ್ಕೆಂದು ಆರಿಸಿ ಕಳಿಸಿದ್ದ ಶಾಸಕರು ಅವಧಿಯ ನಡುವಿನಲ್ಲೇ ತೀರಿಕೊಂಡರು. ನಮ್ಮ ಕ್ಷೇತ್ರಕ್ಕೆ ಮಾತ್ರ ಮತ್ತೊಂದು ಚುನಾವಣೆ ಬಂತು. ಪತ್ರಿಕೆಯವರು ಅದಕ್ಕೆ ದೊಡ್ಡ ಹೆಸರು ಬರೆದರು, ಊರಿನವರು "ನಡು ಓಟು" ಎಂದರು. ಆ ನಡು ಓಟು ನಮ್ಮ ಚಾವಡಿಯ ನಡುವಿಗೇ ಬಂದು ಕೂತಿತು.

"ಭಾವ, ನಾನು ಓಟಿಗೆ ನಿಲ್ಲುತ್ತೇನೆ ಅಂತ ಹೇಳಿ ಆಯಿತು," ಎಂದರು ಮಾವ ಒಂದು ಭಾನುವಾರ, ಅಡಿಕೆ ಕತ್ತರಿಸುತ್ತಾ.

ಅಪ್ಪನ ಸುಣ್ಣದ ಬೆರಳು ಎಲೆಯ ಮೇಲೆಯೇ ನಿಂತಿತು. "ನನ್ನನ್ನೂ ಸೊಸೈಟಿಯವರು ನಿಲ್ಲಿಸಿ ಆಯಿತಲ್ಲ ಭಾವ. ಮೊನ್ನೆಯೇ ಮಾತು ಕೊಟ್ಟೆ. ಇವತ್ತು ನಿಮಗೆ ಹೇಳುವ ಅಂತ ಇದ್ದೆ."

"ಮಾತು ಹಿಂದೆ ತೆಗೆದುಕೊಳ್ಳಿ."

"ನೀವು ತೆಗೆದುಕೊಳ್ಳಿ. ನಾನು ಮೊದಲು ಕೊಟ್ಟದ್ದು."

ಇಬ್ಬರೂ ನಗುತ್ತಲೇ ಶುರು ಮಾಡಿದ್ದು. ಆದರೆ ಇಬ್ಬರ ಬೆನ್ನ ಹಿಂದೆಯೂ ಜನ ಇದ್ದರು, ಮರ್ಯಾದೆಯ ಪ್ರಶ್ನೆ ಬಂತು. ಮಾವನ ದನಿ ಏರಿತು. ಅಪ್ಪನದು ಇನ್ನೂ ತಣ್ಣಗಾಯಿತು, ಅದು ಹೆಚ್ಚು ಕೆಟ್ಟದು.

"ಹಾಗಾದರೆ ಕೇಳಿ," ಎಂದರು ಮಾವ. "ಓಟು ಮುಗಿಯುವ ತನಕ ನೀವು ಈ ಮೆಟ್ಟಿಲು ಹತ್ತುವುದು ಬೇಡ. ನನ್ನನ್ನು ಸೋಲಿಸಿ ಗೆದ್ದಿರಿ ಅಂತಾದರೆ ಆಮೇಲೂ ಬೇಡ."

"ನೀವು ಗೆದ್ದಿರಿ ಅಂತಲೇ ಇಟ್ಟುಕೊಳ್ಳುವ. ಸೋತ ಮುಖ ಹೊತ್ತುಕೊಂಡು ನಿಮ್ಮ ಚಾವಡಿಗೆ ಬರುವ ಜನ ನಾನಲ್ಲ ಭಾವ," ಎಂದು ಅಪ್ಪ ಎದ್ದರು. ಸೋಮವಾರ ಹೋಗಬೇಕಾದವರು ಭಾನುವಾರ ಮಧ್ಯಾಹ್ನವೇ ಉರಿಬಿಸಿಲಿನಲ್ಲಿ ಗದ್ದೆ ದಾಟಿ ಹೋದರು. ಅವರ ಕೊಡೆ ಚಾವಡಿಯ ಮೊಳೆಯಲ್ಲೇ ಉಳಿಯಿತು.

ಅಮ್ಮ ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಗಂಡ ಗೆದ್ದರೆ ಅಣ್ಣ ಒಳಗೆ ಬಿಡುವುದಿಲ್ಲ, ಅಣ್ಣ ಗೆದ್ದರೆ ಗಂಡ ಒಳಗೆ ಬರುವುದಿಲ್ಲ. ಯಾರು ಗೆದ್ದರೂ ಅವಳ ಶನಿವಾರ ಹೋಯಿತು. ಬೆಳುವಾಯಿಗೆ ಹೋಗಿ ಇರಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ನಿನ್ನ ಅಪ್ಪನ ಅಕ್ಕನ ಮನೆಯಲ್ಲಿ ನಾನು ನೆಂಟಳು ಮಗಾ. ಹಬ್ಬಕ್ಕೆ ಹೋಗಿ ಬರಬಹುದು. ಇಲ್ಲಿ ದೀಪ ಹಚ್ಚುವವರು ಯಾರು?" ಎಂದಳು. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ.

ಪಕ್ಷಗಳ ಸುದ್ದಿ ನನಗೆ ಬೇಡ. ನಮ್ಮ ಕಡೆಯ ಹಳ್ಳಿಗಳಲ್ಲಿ ಇದ್ದದ್ದು ಮೂರು ಚಿತ್ರಗಳು. ಮಾವನದು ತಕ್ಕಡಿ, ಅಪ್ಪನದು ಏಣಿ, ಮೂರನೆಯದು ಸೈಕಲ್. ಸೈಕಲ್ ಬಂಟ್ವಾಳ ಪೇಟೆಯ ಒಬ್ಬ ವಕೀಲರದು. ಅವರು ನಿಜವಾಗಿಯೂ ಸೈಕಲಿನಲ್ಲೇ ಬರುತ್ತಿದ್ದರು. ನಮ್ಮ ಮನೆಗೂ ಓಟು ಕೇಳಲು ಬಂದರು. ಎದುರು ನಿಂತ ಅಭ್ಯರ್ಥಿಯ ಮನೆಗೇ ಓಟು ಕೇಳಲು ಬಂದ ಆ ಧೈರ್ಯಕ್ಕೆ ಮೆಚ್ಚಿ ಮಾವ ಅವರಿಗೆ ಬೆಲ್ಲ ನೀರು ಕೊಡಿಸಿದರು. ಅವರು ಹೋದ ಮೇಲೆ "ಪಾಪ, ಒಳ್ಳೆಯ ಜನ. ಬಿಸಿಲಲ್ಲಿ ಸುಮ್ಮನೆ ಅಲೆಯುತ್ತಾರೆ," ಎಂದು ಮರುಗಿದರು.

ಮಾವನಿಗೆ ಬಾಡಿಗೆಯ ಜೀಪು, ಅದಕ್ಕೆ ಕಟ್ಟಿದ ಮೈಕು. ನಾವೆಲ್ಲ ಮಾತಾಡುವುದು ತುಳು. ಇಲ್ಲಿ ನಾನು ಬರೆಯುತ್ತಿರುವ ಮನೆಮಾತೆಲ್ಲ ತುಳುವಿನಲ್ಲೇ ಆಡಿದ್ದು. ಆದರೆ ಮೈಕು ಕೈಗೆ ಬಂದ ಕೂಡಲೇ ಎಲ್ಲರಿಗೂ ಕನ್ನಡ ಬರುತ್ತಿತ್ತು. ಗದ್ದೆಯಲ್ಲಿ ಕೆಲಸದಾಳಿಗೆ ಬಾಯಿತುಂಬ ತುಳುವಿನಲ್ಲಿ ಬೈದು ಬಂದ ಮಾವ, ಜೀಪು ಹತ್ತಿ, "ಮಾನ್ಯ ಮತದಾರ ಬಂಧುಗಳೇ, ತಮ್ಮ ಅಮೂಲ್ಯವಾದ ಮತವನ್ನು ತಕ್ಕಡಿಗೆ ದಯಪಾಲಿಸಬೇಕಾಗಿ ಸವಿನಯ ಪ್ರಾರ್ಥನೆ" ಎನ್ನುತ್ತಿದ್ದರು. ಈಗ ಬೈಸಿಕೊಂಡ ಆ ಆಳೇ ಜೀಪಿನ ಮುಂದೆ ನಿಂತು ಕೈಮುಗಿಯುತ್ತಿದ್ದ. ಬೆಳುವಾಯಿ ಕಡೆ ಅಪ್ಪನೂ ಇದೇ ಧಾಟಿಯಲ್ಲಿ ಏಣಿಯನ್ನು ಹೊಗಳುತ್ತಿದ್ದರಂತೆ. ಒಂದು ಮಾತನ್ನು ಮಾತ್ರ ಹೇಳಲೇಬೇಕು. ಮಾವ ಮೈಕಿನಲ್ಲಿ ಒಮ್ಮೆಯೂ ಏಣಿಯನ್ನು ಬೈಯಲಿಲ್ಲ. ಅಪ್ಪನೂ ತಕ್ಕಡಿಯ ತಂಟೆಗೆ ಹೋಗಲಿಲ್ಲ. ಇಬ್ಬರೂ ಬೈಯುತ್ತಿದ್ದದ್ದು ಸರಕಾರವನ್ನು, ಅದು ಯಾರಿಗೂ ಭಾವ ಅಲ್ಲವಲ್ಲ.

ಪೇಚಿಗೆ ಸಿಕ್ಕಿದವರು ಊರಿನವರು. ಅವರು ಗೇಣಿಗೆ ಮಾಡುವ ಗದ್ದೆ ಮಾವನದು, ಬೀಜ ಗೊಬ್ಬರ ಅಪ್ಪನ ಸೊಸೈಟಿಯದು. ತಕ್ಕಡಿಯ ಜೀಪು ಬಂದರೆ ಬೆಲ್ಲ ನೀರು ಕೊಟ್ಟು "ಆಗಲಿ ಪಟೇಲರೇ" ಎನ್ನುತ್ತಿದ್ದರು. ಏಣಿಯವರು ಬಂದರೆ ಅದೇ ಚೆಂಬು, ಅದೇ ಬೆಲ್ಲ, "ಆಗಲಿ ಧನಿಗಳೇ." ನಮ್ಮ ಕಡೆ ಮನೆಗೆ ಬಂದವರ ಮುಖದ ಮೇಲೆ ಇಲ್ಲ ಎನ್ನುವ ಅಭ್ಯಾಸ ಇಲ್ಲ.

ಶನಿವಾರ ಸಂಜೆಯ ಬಸ್ಸು ಮಾತ್ರ ಎಂದಿನಂತೆ ಬರುತ್ತಿತ್ತು. ಮೊದಲ ವಾರ ಹಾರ್ನ್ ಕೇಳಿದಾಗ ಅಮ್ಮ ಅಭ್ಯಾಸದಂತೆ ನೀರು ಇಟ್ಟಳು, ಮತ್ತೆ ಒಲೆಯಿಂದ ಕೆಳಗಿಳಿಸಿದಳು. ಅಷ್ಟರಲ್ಲಿ ಕಂಡಕ್ಟರ್ ಗದ್ದೆಯ ಬದುವಿನ ತನಕ ಬಂದು ಬಾಳೆಲೆಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟ. ಮಲ್ಲಿಗೆ. ಅಲ್ಲಿಂದ ಪ್ರತಿ ಶನಿವಾರ ಮಲ್ಲಿಗೆ ಒಂದೇ ಬಂತು, ಅಪ್ಪ ಬರಲಿಲ್ಲ. ಅಮ್ಮ ಅದನ್ನು ಮುಡಿದು ಚಾವಡಿಯಲ್ಲೇ ಓಡಾಡುತ್ತಿದ್ದಳು. ಮಾವನಿಗೆ ಮೂಗು ಸರಿ ಇತ್ತು, ಆದರೂ ಪರಿಮಳ ಬಾರದವರಂತೆ ಪತ್ರಿಕೆ ಓದುತ್ತಿದ್ದರು.

ಮಾವನೂ ಸುಖವಾಗಿರಲಿಲ್ಲ. ಒಂದು ಭಾನುವಾರ ಊಟವಾದ ಮೇಲೆ ಅವರು ಹರಿವಾಣ ಎಳೆದುಕೊಂಡು ಅಡಿಕೆ ಕತ್ತರಿಸಿ, ಅರ್ಧವನ್ನು ಎದುರಿಗೆ ಚಾಚಿದರು. ಎದುರಿನ ಕುರ್ಚಿ ಖಾಲಿ. ಚಾಚಿದ ಕೈಯನ್ನು ಮೆಲ್ಲನೆ ಹಿಂದೆ ತಂದು, ಆ ಅರ್ಧವನ್ನೂ ತಮ್ಮ ಬಾಯಿಗೇ ಹಾಕಿಕೊಂಡರು. ನನ್ನನ್ನು ಕಂಡು "ಏನು ನೋಡ್ತೀ? ಶಾಲೆಯ ಕೆಲಸ ಇಲ್ಲವಾ?" ಎಂದು ಗದರಿದರು. ಭಾನುವಾರ ಎಂದು ಹೇಳುವ ಮನಸ್ಸು ನನಗೆ ಬರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ದಿನ ಇಳಿದುಹೋಯಿತು.

ಹಿಂದಿನ ಚುನಾವಣೆಗಳಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇತ್ತು, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಮುಗಿಯಿತು. ಈ ಸಲ ಹೊಸ ಕ್ರಮ. ಒಂದೇ ಕಾಗದದಲ್ಲಿ ಎಲ್ಲರ ಚಿತ್ರ, ಬೇಕಾದ ಚಿತ್ರದ ಎದುರು ಮುದ್ರೆ ಒತ್ತಿ, ಎಲ್ಲರಿಗೂ ಒಂದೇ ಪೆಟ್ಟಿಗೆ. ಇದನ್ನು ಜನರಿಗೆ ತಿಳಿಸಿಕೊಡಿ ಎಂದು ಟೀಚರುಗಳಿಗೆ ಅಪ್ಪಣೆಯಾಯಿತು. ಕಲಿಸುವುದೆಂದರೆ ನನಗೆ ಹುಚ್ಚು. ಮೊದಲ ಪಾಠ ಅಮ್ಮನಿಗೇ, ಅಡುಗೆಮನೆಯಲ್ಲೇ. ಅವಳು ಸಾರಿಗೆ ಹೆಚ್ಚುತ್ತಿದ್ದ ಬೆಂಡೆಕಾಯಿಯ ಒಂದು ತುಂಡನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿ ತೋರಿಸಿದೆ. ಚಂದದ ಹೂವಿನ ಹಾಗೆ ಮುದ್ರೆ ಬಂತು.

"ಒಂದೇ ಒಂದು ಒತ್ತಬೇಕು. ಗೊತ್ತಾಯಿತಾ?" ಎಂದೆ, ಒಂದನೆಯ ಕ್ಲಾಸಿನ ದನಿಯಲ್ಲಿ.

"ಎರಡು ಒತ್ತಿದರೆ?"

"ಆಗ ಆ ಓಟು ಯಾರಿಗೂ ಸಿಗುವುದಿಲ್ಲ. ಬದಿಗೆ ಬಿಸಾಡ್ತಾರೆ."

"ಯಾರಿಗೂ ಇಲ್ಲವಾ?"

"ಯಾರಿಗೂ ಇಲ್ಲ ಅಮ್ಮ. ಎಷ್ಟು ಸಲ ಹೇಳಬೇಕು?"

"ಸಿಟ್ಟು ಮಾಡಬೇಡ ಟೀಚರೇ," ಎಂದು ಅವಳು ಬೆಂಡೆಕಾಯಿ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಶಾಯಿ ಹತ್ತಿದ್ದನ್ನು ಎಸೆದು, ಮತ್ತೆ ಹೆಚ್ಚಲು ಕೂತಳು.

ಊರಿನ ಬೇರೆ ಮನೆಗಳಿಗೆ ನಾನು ಹೋಗಿ ಪಾಠ ಮಾಡುವ ಮೊದಲೇ, ಅಭ್ಯರ್ಥಿಗಳ ಮನೆಯವಳು ಈ ಕೆಲಸಕ್ಕೆ ಬೇಡ ಎಂದು ಮೇಲಿನಿಂದ ಇನ್ನೊಂದು ಅಪ್ಪಣೆ ಬಂತು. ನ್ಯಾಯವೇ. ಒಬ್ಬರಲ್ಲ, ಇಬ್ಬರು ಅಭ್ಯರ್ಥಿಗಳು ನನಗೆ ಬೇಕಾದವರು. ನನ್ನ ಬದಲಿಗೆ ಬರಬೇಕಾದವರು ಬರಲೇ ಇಲ್ಲ.

ಓಟಿನ ದಿನ, ವರ್ಷದ ಎರಡನೆಯ ಬೆಳೆಯಾದ ಸುಗ್ಗಿಗೆ ನೇಜಿ, ಎಂದರೆ ಭತ್ತದ ಸಸಿ, ನೆಡುವ ಕೆಲಸ ನಿಂತಿತು. ನೇಜಿ ನೆಡುವ ಹೆಂಗಸರೆಲ್ಲ ಹಬ್ಬಕ್ಕೆ ಹೊರಟಂತೆ ತಲೆ ಬಾಚಿ, ಅಮ್ಮನ ಹಿಂದೆ ಸಾಲಾಗಿ ನಮ್ಮ ಶಾಲೆಗೆ ನಡೆದರು. ನನ್ನದು ಅದು ಮೊದಲ ಓಟು. ಯಾರಿಗೆ ಹಾಕಿದೆ ಎಂದು ಇಷ್ಟು ವರ್ಷವಾದರೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮಾವ ಶಾಲೆಯ ಅಂಗಳದ ಈಚೆ ನಿಂತು ಪ್ರತಿಯೊಬ್ಬರಿಗೂ ಕೈಮುಗಿದರು. ಹೊರಗೆ ಬಂದ ಪ್ರತಿಯೊಬ್ಬರೂ ಅವರನ್ನು ನೋಡಿ ತೃಪ್ತಿಯಿಂದ ನಕ್ಕರು. ಸ್ವಲ್ಪ ದೂರದಲ್ಲಿ ನಿಂತಿದ್ದ ಏಣಿಯ ಏಜೆಂಟನನ್ನು ನೋಡಿಯೂ ಅಷ್ಟೇ ತೃಪ್ತಿಯಿಂದ ನಕ್ಕರು. ಇದು ನನಗೆ ಆಗಲೇ ವಿಚಿತ್ರವಾಗಿ ಕಂಡಿತ್ತು.

ಎಣಿಕೆ ಬಂಟ್ವಾಳದಲ್ಲಿ. ಆ ದಿನ ಬೆಳಿಗ್ಗೆಯೇ ಮಾವ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಜೀಪಿನಲ್ಲಿ ಹೋದರು. ಅಮ್ಮ ಕೋಳಿ ಕೊಯ್ಯಿಸಿ, ತೆಂಗಿನಕಾಯಿ ತುರಿದು, ಮಸಾಲೆ ಅರೆಯಲು ಕೂತಳು. ಡಬ್ಬದಿಂದ ಗರಿಗರಿ ರೊಟ್ಟಿಗಳು ಹೊರಗೆ ಬಂದವು. ಕೋಳಿಸಾರು ಸುರಿದು ತಿನ್ನುವ ಈ ಕೋರಿ ರೊಟ್ಟಿ ಅಪ್ಪನ ಪ್ರಾಣ. ಮಾವನಿಗೆ ಎರಡು ದಿನದಿಂದ ಹಲ್ಲು ನೋವು, ರೊಟ್ಟಿ ಮುಟ್ಟುವಂತಿರಲಿಲ್ಲ, ಅವರಿಗೆಂದು ನೀರುದೋಸೆಗೆ ಅಕ್ಕಿ ನೆನೆಹಾಕಿದ್ದಳು.

"ಫಲಿತಾಂಶ ಇನ್ನೂ ಬರಲಿಲ್ಲ. ಇದು ಯಾರಿಗೆ?" ಎಂದೆ.

"ಹಸಿದು ಬಂದವರಿಗೆ."

"ಅಪ್ಪ ಬರುವುದಿಲ್ಲ ಅಮ್ಮ. ಯಾರು ಗೆದ್ದರೂ ಬರುವುದಿಲ್ಲ."

"ಒಲೆ ಉರಿ ನೋಡು," ಎಂದಳು ಅಷ್ಟೇ.

ಬಂಟ್ವಾಳದಲ್ಲಿ ನಡೆದದ್ದನ್ನು ನಾನು ಅಪ್ಪನ ಬಾಯಿಂದಲೇ ಕೇಳಿದ್ದು, ಅವರು ಸಾಯುವ ತನಕ ಕೇಳಿದ್ದು. ನಮ್ಮ ಹಳ್ಳಿಗಳ ಪೆಟ್ಟಿಗೆ ತೆರೆದು ಕಾಗದಗಳನ್ನು ಬೇರೆ ಬೇರೆ ಮಾಡುತ್ತಾ ಹೋದಂತೆ ತಕ್ಕಡಿಯ ಕಟ್ಟು ತೆಳ್ಳಗೆ, ಏಣಿಯ ಕಟ್ಟು ತೆಳ್ಳಗೆ, ಬದಿಗೆ ಇಟ್ಟ ನಾಲ್ಕನೆಯ ರಾಶಿ ಮಾತ್ರ ಬೆಳೆಯುತ್ತಲೇ ಹೋಯಿತಂತೆ. ಅಧಿಕಾರಿ ಅದರಿಂದ ಒಂದೊಂದನ್ನೇ ಎತ್ತಿ ತೋರಿಸಿದರು. ತಕ್ಕಡಿಗೂ ಒಂದು ಮುದ್ರೆ, ಏಣಿಗೂ ಒಂದು ಮುದ್ರೆ. ಅಚ್ಚುಕಟ್ಟಾಗಿ, ಗೆರೆ ದಾಟದೆ, ಇಬ್ಬರಿಗೂ ಅನ್ಯಾಯವಾಗದಂತೆ.

ಗೇಣಿಯ ಭತ್ತವನ್ನು ಅಳೆದು ಪಾಲು ಮಾಡಿ ಅಭ್ಯಾಸವಿದ್ದ ಮಾವ ಕೂಡಲೇ ಪರಿಹಾರ ಹೇಳಿದರು. "ಇದರಲ್ಲಿ ಕಷ್ಟ ಏನುಂಟು ಸ್ವಾಮಿ? ಅರ್ಧ ನನಗೆ ಬರೆಯಿರಿ, ಅರ್ಧ ಭಾವನಿಗೆ ಬರೆಯಿರಿ."

ಅಧಿಕಾರಿ ಘಟ್ಟದ ಮೇಲಿನವರು. "ಹಂಗೆಲ್ಲ ಮಾಡಕ್ಕಾಗಲ್ಲ ಕಣ್ರೀ. ಇವೆಲ್ಲ ಕುಲಗೆಟ್ಟ ಓಟು," ಎಂದರು.

ಲೆಕ್ಕಕ್ಕೆ ಸೇರದ ಓಟಿಗೆ ಅವರು ಹೇಳುವುದೇ ಹಾಗೆ. ಆದರೆ ತನ್ನ ಊರಿನ ಓಟನ್ನು ಕುಲಗೆಟ್ಟದ್ದು ಎಂದದ್ದಕ್ಕೆ ಮಾವ ಮೈಮೇಲೆ ಬಂದವರಂತೆ ಎದ್ದು ನಿಂತರಂತೆ. ಆಗ ಅವರ ತೋಳು ಹಿಡಿದು ಕೂರಿಸಿದ್ದು ಅಪ್ಪ. ಸಂಜೆಯೊಳಗೆ ಸೈಕಲ್ ಗೆದ್ದಿತು. ಪೇಟೆಯ ಓಟು ಪೂರ್ತಿ ಅದಕ್ಕೇ ಬಿದ್ದಿತ್ತು. ವಕೀಲರು ಹಾರ ಹಾಕಿಸಿಕೊಂಡು ಮೊದಲು ಬಂದದ್ದು ಇವರಿಬ್ಬರ ಹತ್ತಿರ, ಕಾಲು ಮುಟ್ಟಿ ನಮಸ್ಕರಿಸಲು. ಇಬ್ಬರೂ ಆಶೀರ್ವಾದ ಮಾಡಿದರು. ಮಾಡದೆ ಏನು ಮಾಡುತ್ತಾರೆ?

ಹೊರಗೆ ಬಂದರೆ ಮಾವನ ಜೀಪು ಇಲ್ಲ. ಗೆದ್ದವರ ಮೆರವಣಿಗೆಗೆ ಅದು ಆಗಲೇ ಹೋಗಿತ್ತು, ಮೈಕಿನ ಸಮೇತ. ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು, ನಡುವೆ ಹತ್ತು ಮಾರು ದೂರ ಇಟ್ಟುಕೊಂಡು. ಮೂಡುಬಿದಿರೆಯ ಬಸ್ಸು ಬಂತು. ಮಾವ ಮುಂದೆ ಕೂತರು, ಅಪ್ಪ ಹಿಂದೆ. ನಮ್ಮ ಊರು ಮೊದಲು ಸಿಗುತ್ತದೆ, ಅಪ್ಪ ಇನ್ನೂ ಮುಂದೆ ಹೋಗಬೇಕು. ಕಂಡಕ್ಟರ್ ಅದೇ ಮಲ್ಲಿಗೆ ತರುತ್ತಿದ್ದವನು. ಅವನು ಟಿಕೆಟ್ ಎಂದಾಗ ಮಾವ ಹಿಂದೆ ತಿರುಗದೆ, "ಎರಡು ಸಿದ್ಧಕಟ್ಟೆ," ಎಂದರು.

ಅಪ್ಪ ಕಥೆಯ ಈ ಜಾಗಕ್ಕೆ ಬಂದಾಗಲೆಲ್ಲ ನಿಲ್ಲಿಸಿ, ಕೇಳುವವರ ಮುಖ ನೋಡುತ್ತಿದ್ದರು.

ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಕಂಡಾಗ ನನಗೆ ಅಳು ಬಂತು. ಸೋತರು ಎಂದು ಯಾರೂ ಹೇಳಬೇಕಾಗಿರಲಿಲ್ಲ, ಮುಖ ಸಾಕಿತ್ತು. ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತರು. ಮಾವ ಎರಡು ಮೆಟ್ಟಿಲು ಹತ್ತಿ, ತಿರುಗಿ, "ಬನ್ನಿ ಭಾವ. ನಾನು ಹೇಳಿದ್ದು ಗೆದ್ದರೆ ಬರುವುದು ಬೇಡ ಅಂತ. ನೀವು ಎಲ್ಲಿ ಗೆದ್ದಿರಿ?" ಎಂದರು.

"ನಿಮಗೆ ನನ್ನ ಸೋತ ಮುಖ ತೋರಿಸುವುದಿಲ್ಲ ಅಂತ ನಾನು ಹೇಳಿದ್ದು," ಎಂದರು ಅಪ್ಪ. "ಆದರೆ ನಿಮ್ಮದು ನನ್ನದಕ್ಕಿಂತ ಕಡೆಯಾಗಿ ಉಂಟು, ತೊಂದರೆ ಇಲ್ಲ."

ಊಟಕ್ಕೆ ಕೂತ ಮೇಲೆ ಇಬ್ಬರೂ ಸೇರಿ ಮತದಾರರಿಗೆ ಬೈಯಲು ಶುರು ಮಾಡಿದರು. ಎಂಥ ದಡ್ಡ ಜನ, ಒಂದು ಮುದ್ರೆ ಸರಿಯಾಗಿ ಒತ್ತಲು ಬರುವುದಿಲ್ಲ, ಇವರಿಗೆಲ್ಲ ಯಾಕೆ ಓಟು. ಎರಡು ತಿಂಗಳಿಂದ ಒಳಗೇ ಉಳಿದಿದ್ದ ಮಾತೆಲ್ಲ ಇಬ್ಬರ ಬಾಯಿಂದಲೂ ಹೊರಬಂತು. ಅಪ್ಪನ ರೊಟ್ಟಿಯ ಮೇಲೆ ಅಮ್ಮ ಸಾರು ಸುರಿಯುತ್ತಲೇ ಇದ್ದಳು. ಅಣ್ಣನ ತಟ್ಟೆಗೆ ಮೆತ್ತಗಿನ ತುಂಡುಗಳನ್ನೇ ಹುಡುಕಿ ಹಾಕಿದಳು.

ನೇಜಿಯ ಹೆಂಗಸರಲ್ಲಿ ಹಿರಿಯಳಾದವಳು ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ನನಗೆ ಸಿಕ್ಕಿದಳು. ಮುಖ ಸಣ್ಣದಾಗಿತ್ತು. "ಹೀಗೆ ಯಾಕೆ ಆಯಿತು ಟೀಚರಮ್ಮ? ನಾವು ಒಬ್ಬರನ್ನೂ ಬಿಡಲಿಲ್ಲ. ಯಾರಿಗೆ ಒತ್ತುವುದು ಅಂತ ಗೊತ್ತಾಗದೆ ಗದ್ದೆಯಲ್ಲಿ ನಿಮ್ಮ ಅಮ್ಮನನ್ನೇ ಕೇಳಿದೆವು. 'ಒಬ್ಬರು ಒಡಹುಟ್ಟಿದವರು, ಒಬ್ಬರು ಕೈ ಹಿಡಿದವರು. ನಾನು ಇಬ್ಬರಿಗೂ ಒತ್ತುತ್ತೇನೆ ಮಾರಾಯ್ತಿ' ಅಂತ ಹೇಳಿದರು. ನಮಗೂ ಅದೇ ಸರಿ ಅಂತ ಕಂಡಿತು. ಅಲ್ಲಿಂದ ಮನೆಮನೆಗೆ ಹೇಳಿಕೊಂಡು ಹೋದೆವು."

ನಾನು ಸೀದಾ ಅಡುಗೆಮನೆಗೆ ಹೋದೆ. ಚಾವಡಿಯಲ್ಲಿ ಅಡಿಕೆ ಕತ್ತರಿಸುವ ಸದ್ದು, ಅಪ್ಪನ ಕೆಮ್ಮು, ಮಾವನ ನಗೆ ಕೇಳುತ್ತಿತ್ತು. ಮೊಳೆಯಲ್ಲಿದ್ದ ಕೊಡೆಯನ್ನು ಯಾರೋ ಬಿಸಿಲಿಗೆ ಬಿಡಿಸಿ ಇಟ್ಟಿದ್ದರು. ಅಮ್ಮ ಒಲೆಯ ಮುಂದೆ ಕೂತಿದ್ದಳು, ಶನಿವಾರ ಅಲ್ಲದ ದಿನವೂ ತಲೆಯಲ್ಲಿ ಹೂವಿತ್ತು.

"ಅಮ್ಮ," ಎಂದೆ ದನಿ ತಗ್ಗಿಸಿ, "ನಾನು ನಿನಗೆ ಕಲಿಸಿದ್ದೆನಲ್ಲ? ಎರಡು ಒತ್ತಿದರೆ ಓಟು ಯಾರಿಗೂ ಸಿಗುವುದಿಲ್ಲ ಅಂತ ಎರಡೆರಡು ಸಲ ಹೇಳಿದ್ದೆನಲ್ಲ?"

"ಹೇಳಿದ್ದಿ ಮಗಾ. ಚೆನ್ನಾಗಿಯೇ ಹೇಳಿದ್ದಿ," ಎಂದಳು ಅಮ್ಮ, ಚಾವಡಿಯ ಕಡೆ ಕಿವಿಯಿಟ್ಟು. "ಯಾರಿಗೂ ಸಿಗುವುದಿಲ್ಲ ಅಂದಿದ್ದಿ. ನನಗೆ ಸಿಕ್ಕಿತಲ್ಲ."

ಆಮೇಲೆ ಎರಡು ಲೋಟ ಕಾಫಿ ನನ್ನ ಕೈಗೆ ಕೊಟ್ಟು, ತಣಿಯುವ ಮೊದಲು ಹೊರಗೆ ಕೊಟ್ಟು ಬಾ ಎಂದಳು.